ಧನಶಕ್ತಿ (ಸಜ್ಜೆ ತಳಿ)

ಧನಶಕ್ತಿಯು ಕಬ್ಬಿಣಾಂಶ ಹೆಚ್ಚುವಂತೆ ಅಭಿವೃದ್ಧಿಪಡಿಸಿದ, ಭಾರತದ ಮೊದಲ ಪೋಷಕಾಂಶ-ವರ್ಧಿತ ಸಜ್ಜೆ ತಳಿ. ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠಗಳು ಐಸಿಟಿಪಿ 8203 ತಳಿಯಿಂದ ಆಯ್ದು ಇದನ್ನು ರೂಪಿಸಿದವು. ಮಹಾರಾಷ್ಟ್ರದಲ್ಲಿ 2012ರಲ್ಲಿ ಬಿಡುಗಡೆಯಾಯಿತು. 2014ರಲ್ಲಿ ಈ ಬಿಡುಗಡೆ ದೇಶಕ್ಕೆಲ್ಲ ಅನ್ವಯಿಸಿತು. ಕಿಲೋ ಕಾಳಿನಲ್ಲಿ ಸುಮಾರು 71 ಮಿ.ಗ್ರಾಂ ಕಬ್ಬಿಣವಿದೆ. ಮುಕ್ತ ಪರಾಗಸ್ಪರ್ಶದ ತಳಿಯಾದ್ದರಿಂದ ಒಕ್ಕಲು ಮನೆಯವರು ತಮ್ಮ ಬೆಳೆಯಿಂದಲೇ ಬೀಜ ಎತ್ತಿಟ್ಟುಕೊಳ್ಳಬಹುದು. ಸಣ್ಣ ಹಿಡುವಳಿಗೆ ಇದೇ ದೊಡ್ಡ ಅನುಕೂಲ. ಮಹಾರಾಷ್ಟ್ರದಲ್ಲಿ 12–16 ವರ್ಷ ವಯಸ್ಸಿನ ಶಾಲಾಮಕ್ಕಳಿಗೆ ಇದರ ಭಾಕರಿ (ರೊಟ್ಟಿ) ಉಣಿಸಿ ನಡೆಸಿದ ಪರೀಕ್ಷೆಯಲ್ಲಿ ಅವರ ದೇಹದ ಕಬ್ಬಿಣದ ಮಟ್ಟ ಸುಧಾರಿಸಿತು. ಎಲ್ಲ ಸಜ್ಜೆಯಂತೆ, ಕೊಬ್ಬಿನಂಶ ಹೆಚ್ಚಿರುವ ಇದರ ಹಿಟ್ಟೂ ಬೇಗ ಕಮಟುವುದರಿಂದ ಸ್ವಲ್ಪಸ್ವಲ್ಪವೇ ಬೀಸಿಸುವುದು ರೂಢಿ.