ಪರಿಸರ ಪಾಠ ಮತ್ತು ಶಿಕ್ಷಕರ ತರಬೇತಿ: ಕ್ರೋಂಪೇಟೆಯ ನೆಲೆಯಿಂದ ಒಂದು ನೋಟ

ನಮ್ಮ ಮಕ್ಕಳ ಶಾಲೆಗಳಲ್ಲಿ ಪರಿಸರ ಶಿಕ್ಷಣವು ಇಂದು ಐಚ್ಛಿಕ ವಿಷಯವಾಗಿ ಉಳಿದಿಲ್ಲ. ನ್ಯಾಯವಾದಿ ಎಂ.ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು ಈ ವಿಷಯವನ್ನು ಕಡ್ಡಾಯವಾಗಿ ಬೋಧಿಸಬೇಕೆಂಬ ತತ್ವವನ್ನು ಎತ್ತಿಹಿಡಿಯಿತು. 2003ರ ಡಿಸೆಂಬರಿನಲ್ಲಿ ಪಠ್ಯಕ್ರಮವನ್ನು ರೂಪಿಸುವ ಹೊಣೆಯನ್ನು ಎನ್.ಸಿ.ಇ.ಆರ್.ಟಿ. ಸಂಸ್ಥೆಗೆ ವಹಿಸಿತು. ಪಠ್ಯಪುಸ್ತಕಗಳೇನೋ ಬಂದವು. ಆದರೆ ಬೋಧಿಸುವ ಗುರುಗಳಿಗೆ ಸೂಕ್ತ ತರಬೇತಿ ಇಲ್ಲದಿದ್ದರೆ, ಮಾಲಿನ್ಯದ ವಿಧಗಳನ್ನು ಬಾಯಿಪಾಠ ಮಾಡಿಸಿ ಅಂಕ ಗಳಿಸುವ ಮತ್ತೊಂದು ಅಧ್ಯಾಯವಾಗಿಯೇ ಅದು ಮುಗಿದುಹೋಗುತ್ತದೆ.

ಈ ಕೊರತೆಯನ್ನು ಮೊದಲೇ ಮನಗಂಡ ಸಂಸ್ಥೆಗಳಲ್ಲಿ ನಮ್ಮ ಚೆನ್ನೈಯ ಸಿ.ಪಿ.ಆರ್. ಪರಿಸರ ಶಿಕ್ಷಣ ಕೇಂದ್ರವು ಪ್ರಮುಖವಾದುದು. ಕೇಂದ್ರ ಪರಿಸರ ಸಚಿವಾಲಯ ಮತ್ತು ಸಿ.ಪಿ. ರಾಮಸ್ವಾಮಿ ಅಯ್ಯರ್ ಪ್ರತಿಷ್ಠಾನಗಳು ಕೂಡಿ 1989ರಲ್ಲಿ ಆಳ್ವಾರ್‌ಪೇಟೆಯ ಎಲ್ಡಾಮ್ಸ್ ರಸ್ತೆಯಲ್ಲಿ ಇದನ್ನು ಸ್ಥಾಪಿಸಿದವು. ಇದಕ್ಕೂ ಮೊದಲು, 1984ರಲ್ಲಿ, ಇಂತಹುದೇ ಕೇಂದ್ರವೊಂದು ಅಹಮದಾಬಾದಿನಲ್ಲಿ ಆರಂಭವಾಗಿತ್ತು. ಚೆನ್ನೈಯ ಕೇಂದ್ರವು ತಮಿಳುನಾಡಿಗೆ ಸೀಮಿತವಾಗದೆ ಕರ್ನಾಟಕವೂ ಸೇರಿದಂತೆ ದಕ್ಷಿಣದ ಹಲವೆಡೆ ಶಿಕ್ಷಕರಿಗೆ ತರಬೇತಿ ನೀಡಿತು. 2001-02ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಹಸಿರು ಪಡೆ ಯೋಜನೆಯಡಿ ಶಾಲೆಗಳಲ್ಲಿ ಪರಿಸರ ಸಂಘಗಳನ್ನು ಆರಂಭಿಸಿದಾಗ, ಇಂತಹ ಕೇಂದ್ರಗಳೇ ಮುಖ್ಯ ತರಬೇತುದಾರರನ್ನು ಸಿದ್ಧಪಡಿಸಿದವು. ಅವರು ಸಂಘದ ಹೊಣೆ ಹೊತ್ತ ಶಿಕ್ಷಕರಿಗೆ ಕಲಿಸಿದರು. ಶಿಕ್ಷಕರು ಮಕ್ಕಳಿಗೆ ತಲುಪಿಸಿದರು. ಒಂದು ದೀಪದಿಂದ ಮತ್ತೊಂದನ್ನು ಹಚ್ಚುವ ಕ್ರಮವಿದು.

ಇಂತಹ ತರಬೇತಿಯಲ್ಲಿ ಉಪನ್ಯಾಸಕ್ಕಿಂತ ಕೈಕೆಲಸಕ್ಕೆ ಹೆಚ್ಚಿನ ಸ್ಥಾನವಿರುತ್ತದೆ. ನೆಲದ ಮೇಲೆ ಒಂದು ಮೀಟರ್ ಚೌಕವನ್ನು ಹಗ್ಗದಿಂದ ಗುರುತಿಸಿ ಅದರೊಳಗಿನ ಗಿಡ, ಹುಲ್ಲು, ಕೀಟಗಳನ್ನು ಎಣಿಸುವುದು. ಬಾವಿಯ ನೀರಿನ ಆಮ್ಲೀಯತೆ, ಗಡಸುತನಗಳನ್ನು ಪರೀಕ್ಷಿಸುವುದು. ಶಾಲೆಯ ಒಂದು ದಿನದ ಕಸವನ್ನು ವಿಂಗಡಿಸಿ ತೂಗುವುದು ಮುಂತಾದವನ್ನು ಶಿಕ್ಷಕರು ಮೊದಲು ಸ್ವತಃ ಮಾಡಿ ಕಲಿಯುತ್ತಾರೆ. ಕ್ಷೇತ್ರಾಧ್ಯಯನಕ್ಕೆ ನಮ್ಮ ನಗರದಲ್ಲಿ ತಾಣಗಳಿಗೆ ಕೊರತೆಯಿಲ್ಲ. ಕೃಷ್ಣಮೃಗಗಳ ನೆಲೆಯಾದ ಗಿಂಡಿ ರಾಷ್ಟ್ರೀಯ ಉದ್ಯಾನ, ಅದರ ಮಗ್ಗುಲಲ್ಲಿ ರೊಮುಲಸ್ ವಿಟೇಕರ್ ಅವರು 1972ರಲ್ಲಿ ನೆಲೆಗೊಳಿಸಿದ ಹಾವಿನ ಉದ್ಯಾನ, ತೆಂಕಣಕ್ಕೆ 1985ರಿಂದ ವಂಡಲೂರಿನಲ್ಲಿರುವ ಮೃಗಾಲಯ, ಇವೆಲ್ಲವೂ ಕ್ರೋಂಪೇಟೆಯಿಂದ ಸುಲಭವಾಗಿ ಹೋಗಿಬರಬಹುದಾದವು.

ಆದರೆ ತರಬೇತಿ ಪಡೆದ ಶಿಕ್ಷಕರಿಗೆ ಕ್ರೋಂಪೇಟೆಯೇ ಒಂದು ಪಠ್ಯಪುಸ್ತಕ. ಈ ಬಡಾವಣೆಗೆ ಹೆಸರು ಬಂದುದೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚೇಂಬರ್ಸ್ ಮನೆತನದವರು ಸ್ಥಾಪಿಸಿದ, ಈಗ ಇಲ್ಲದ ಕ್ರೋಂ ಲೆದರ್ ಕಾರ್ಖಾನೆಯಿಂದ. ಹಿಂದೆ ತಂಗಡಿ ತೊಗಟೆಯಿಂದ ವಾರಗಟ್ಟಲೆ ನಡೆಯುತ್ತಿದ್ದ ಚರ್ಮ ಹದಗೊಳಿಸುವ ಕೆಲಸವನ್ನು ಕ್ರೋಮಿಯಂ ಲವಣಗಳು ತೀರ ಶೀಘ್ರವಾಗಿ ಮುಗಿಸುತ್ತಿದ್ದವು. ಶುದ್ಧೀಕರಿಸದೆ ಹೊರಬಿಟ್ಟ ತ್ಯಾಜ್ಯದ ನೀರು ನೆಲವನ್ನೂ ಬಾವಿಗಳನ್ನೂ ಕೆಡಿಸುವುದು ಇದರ ಮತ್ತೊಂದು ಮುಖ. ವೆಲ್ಲೂರು ನಾಗರಿಕರ ವೇದಿಕೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಆಗಸ್ಟ್ 28ರಂದು ನೀಡಿದ ತೀರ್ಪು, ಮಾಲಿನ್ಯ ಮಾಡಿದವರೇ ಅದರ ವೆಚ್ಚ ತೆರಬೇಕೆಂಬ ತತ್ವವನ್ನು ನಮ್ಮ ಕಾನೂನಿನಲ್ಲಿ ದೃಢಗೊಳಿಸಿತು. ದಂಡ ತೆರಬೇಕಾದ ಚರ್ಮೋದ್ಯಮಗಳ ಜಿಲ್ಲೆಗಳಲ್ಲಿ ಅಂದು ಕ್ರೋಂಪೇಟೆ ಸೇರಿದ್ದ ಚೆಂಗೈ ಎಂ.ಜಿ.ಆರ್. ಜಿಲ್ಲೆಯೂ ಇತ್ತು. ರಸಾಯನಶಾಸ್ತ್ರ, ಇತಿಹಾಸ, ಪೌರನೀತಿ ಮೂರನ್ನೂ ಒಂದು ಊರಿನ ಹೆಸರಿನಿಂದಲೇ ಕಲಿಸಬಹುದು.

ಎರಡನೆಯ ಅಧ್ಯಾಯ ನೀರಿನದು. ನಮ್ಮ ನೆರೆಯ ಚಿಟ್ಲಪಾಕ್ಕಂ, ಸೆಂಬಾಕ್ಕಂ ಕೆರೆಗಳ ಹೆಚ್ಚುವರಿ ನೀರು ಕೆರೆಯಿಂದ ಕೆರೆಗೆ ಸಾಗಿ ಪಳ್ಳಿಕರಣೈ ಜೌಗುಭೂಮಿಯನ್ನು ಸೇರುತ್ತದೆ. ಮಳೆಗಾಲದ ನೀರನ್ನು ಹೀರಿ ಹಿಡಿದಿಡುವ ಈ ಜೌಗು ಕಟ್ಟಡಗಳಿಂದಲೂ ಕಸದ ರಾಶಿಯಿಂದಲೂ ಬಹಳಷ್ಟು ಕುಗ್ಗಿದೆ. ಅಳಿದುಳಿದ ಸುಮಾರು 1,247 ಹೆಕ್ಟೇರುಗಳಿಗೆ 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂಬ ಮನ್ನಣೆ ದೊರೆಯಿತು. 2015ರ ಡಿಸೆಂಬರಿನ ಪ್ರವಾಹವನ್ನು ಕಂಡ ನಾವೇ 2019ರ ಬೇಸಿಗೆಯಲ್ಲಿ ಬರಿದಾದ ಜಲಾಶಯಗಳನ್ನೂ, ಜೋಲಾರ್‌ಪೇಟೆಯಿಂದ ರೈಲಿನಲ್ಲಿ ಬಂದ ನೀರನ್ನೂ ಕಂಡೆವು. ನಾಲ್ಕು ವರ್ಷಗಳ ಅಂತರದಲ್ಲಿ ಒಂದೇ ನಗರ ಮುಳುಗಿದ್ದೇಕೆ, ಬಾಯಾರಿದ್ದೇಕೆ ಎಂಬ ಮಕ್ಕಳ ಪ್ರಶ್ನೆಗೆ ಉತ್ತರಿಸಲು ಕೆರೆಗಳ ಈ ಸರಪಣಿಯನ್ನು ನಡೆದು ನೋಡಿದ ಗುರುಗಳೇ ಬೇಕು.

ಕನ್ನಡಿಗರಾದ ನಮಗೆ ಈ ಮಾರ್ಗ ಹೊಸದಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು, 'ಬಾಲಪ್ರಪಂಚ'ವನ್ನು ರಚಿಸಿದರು. ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' ನಮ್ಮ ಅನೇಕ ಮನೆಗಳ ಕಪಾಟಿನಲ್ಲಿದೆ. ಇವರಿಬ್ಬರೂ ಪ್ರಕೃತಿಯನ್ನು ಪುಸ್ತಕದಿಂದ ನೋಡಲಿಲ್ಲ, ನೋಡಿದುದನ್ನು ಪುಸ್ತಕವಾಗಿಸಿದರು.

ಪೋಷಕರಾಗಿ ನಾವು ಮಾಡಬಹುದಾದುದು ಸ್ವಲ್ಪವೇ ಆದರೂ ಅಗತ್ಯವಾದುದು. ಮಕ್ಕಳ ಶಾಲೆಯಲ್ಲಿ ಪರಿಸರ ಸಂಘವಿದೆಯೇ, ಅದರ ಹೊಣೆ ಹೊತ್ತ ಶಿಕ್ಷಕರಿಗೆ ತರಬೇತಿ ದೊರೆತಿದೆಯೇ ಎಂದು ಪೋಷಕರ ಸಭೆಯಲ್ಲಿ ವಿಚಾರಿಸೋಣ. ತರಬೇತಿಗೆ ಹೋಗುವವರಿಗೆ ಆ ದಿನ ಬೇರೆ ಕೆಲಸ ಹೊರಿಸದಿರುವಂತೆ ಆಡಳಿತ ಮಂಡಳಿಯನ್ನು ಕೋರೋಣ. ನಮ್ಮಲ್ಲಿ ನಿವೃತ್ತ ಉಪಾಧ್ಯಾಯರೂ ಬಿಡುವಿರುವ ಗೃಹಿಣಿಯರೂ ಹಲವರಿದ್ದಾರೆ. ಕೆರೆಯ ದಂಡೆಗೆ ಮಕ್ಕಳನ್ನು ಕರೆದೊಯ್ಯುವ ಗುರುಗಳಿಗೆ ಅವರು ಜೊತೆಯಾದರೆ ಅದೇ ದೊಡ್ಡ ನೆರವು. ನೆಲೆಸಿದ ಊರಿನ ನೀರು ನೆಲಗಳನ್ನು ಅರಿಯುವುದು, ಆ ಊರಿಗೆ ನಾವು ಸಲ್ಲಿಸಬೇಕಾದ ಋಣವೂ ಹೌದು.