ಪಾದ ತೊಳೆಯುವ ವಿಧಿ (ಕ್ರೈಸ್ತ ಧರ್ಮ)

ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ಗುರುವಾರ ಕ್ರೈಸ್ತ ಸಭೆಯ ಗುರುಹಿರಿಯರು ಸಾಮಾನ್ಯರ ಕಾಲು ತೊಳೆದು ಒರೆಸುವ ಆಚರಣೆ. ಯೊವಾನ್ನನ ಸುವಾರ್ತೆಯ 13ನೇ ಅಧ್ಯಾಯ ಇದಕ್ಕೆ ಆಧಾರ. ಕೊನೆಯ ಊಟದ ನಡುವೆ ಯೇಸು ಎದ್ದು, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದರು. ಗುರು ಆಳಿನ ಕೆಲಸಕ್ಕಿಳಿದದ್ದನ್ನು ಪೇತ್ರ ಮೊದಲು ಒಪ್ಪಲಿಲ್ಲ.

4ನೇ ಶತಮಾನದ ಮಿಲಾನಿನಲ್ಲಿ ಬಿಷಪ್ ಆಂಬ್ರೋಸ್ ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ಈ ಸೇವೆ ಸಲ್ಲಿಸುತ್ತಿದ್ದರು. ರೋಮಿನಲ್ಲಿ ಆ ಪದ್ಧತಿ ಇರಲಿಲ್ಲ. ಕಾಲು ತೊಳೆಯುವುದನ್ನು ದಿನಚರಿಯೊಳಕ್ಕೆ ತಂದದ್ದು ಮಠಗಳು. 6ನೇ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯಲ್ಲಿ ಅಡುಗೆಮನೆಯ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ. ಪಾಳಿ ಮುಗಿಸುವವನು ಶನಿವಾರ ಪಾತ್ರೆಪಡಗ ಶುಚಿಮಾಡಿ, ಕೈಕಾಲು ಒರೆಸುವ ಬಟ್ಟೆಗಳನ್ನು ಒಗೆದು, ಮುಂದಿನ ಪಾಳಿಯವನೊಂದಿಗೆ ಸೇರಿ ಎಲ್ಲರ ಕಾಲು ತೊಳೆಯಬೇಕು. ಅತಿಥಿ ಬಂದರೆ ಅವನ ಕೈಗೆ ನೀರು ಹಾಕುವವರು ಸ್ವತಃ ಮಠಾಧಿಪತಿ. ಕಾಲು ತೊಳೆಯಲು ಅವರ ಜೊತೆಗೆ ಇಡೀ ಬಳಗ. ಈ ವಿಧಿಯ ಅತ್ಯಂತ ಪ್ರಾಮಾಣಿಕ ರೂಪ ಬಹುಶಃ ಇದೇ: ನೋಡಲು ಜನ ಸೇರುತ್ತಿರಲಿಲ್ಲ.

694ರಲ್ಲಿ ಸ್ಪೇನಿನ ಟೊಲೆಡೊ ಧರ್ಮಸಭೆ ಬಿಷಪ್ಪರಿಗೂ ಪಾದ್ರಿಗಳಿಗೂ ಇದನ್ನು ಕಡ್ಡಾಯ ಮಾಡಿತು. ಕಡ್ಡಾಯ ಮಾಡಬೇಕಾಯಿತೆಂದರೆ, ಅಷ್ಟರೊಳಗೆ ಹಲವರು ಕೈಬಿಟ್ಟಿದ್ದರೆಂದೇ ಅರ್ಥ.

ರೋಮಿನಲ್ಲಿ ಈ ವಿನಯಕ್ಕೆ ಎದುರಾದ ವಿಚಿತ್ರವೊಂದು ಬೆಳೆಯಿತು. ಪೋಪ್ ಮಹಾ ಗ್ರೆಗೊರಿ (590–604) ತಮ್ಮನ್ನು ದೇವರ ದಾಸರ ದಾಸನೆಂದು ಕರೆದುಕೊಂಡರು. ಮುಂದಿನ ಪೋಪರೂ ಆ ಬಿರುದನ್ನು ಉಳಿಸಿಕೊಂಡರು. ಆದರೆ ಅದೇ ಪೀಠದ ಮುಂದೆ ಬಂದವರು ಪೋಪರ ಪಾದಕ್ಕೆ ಮುತ್ತಿಡುವುದೂ ರೂಢಿಯಾಯಿತು. 1438ರಲ್ಲಿ ಪೂರ್ವ-ಪಶ್ಚಿಮ ಸಭೆಗಳ ಐಕ್ಯದ ಮಾತುಕತೆಗೆಂದು ಇಟಲಿಯ ಫೆರಾರಾಕ್ಕೆ ಬಂದ ಕಾನ್‌ಸ್ಟಾಂಟಿನೋಪಲ್‌ನ ಪಿತೃಪ್ರಧಾನ ಎರಡನೆಯ ಜೋಸೆಫ್ ಹಾಗೆ ಮಾಡಲು ಒಪ್ಪಲಿಲ್ಲ. ಆ ಲೆಕ್ಕ ಚುಕ್ತಾ ಆಗಲು ಐದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು: 1975ರ ಡಿಸೆಂಬರ್ 14ರಂದು ಸಿಸ್ಟೀನ್ ಚಾಪೆಲ್‌ನಲ್ಲಿ ಪೋಪ್ ಆರನೆಯ ಪೌಲ್, ಕಾನ್‌ಸ್ಟಾಂಟಿನೋಪಲ್‌ನ ಪ್ರತಿನಿಧಿ ಮೆಲಿಟನ್ ಅವರ ಮುಂದೆ ದಿಢೀರನೆ ಮೊಣಕಾಲೂರಿ ಅವರ ಪಾದಕ್ಕೆ ಮುತ್ತಿಟ್ಟರು.

ಸುಧಾರಣೆಯ ಕಾಲದಲ್ಲಿ ಹೆಚ್ಚಿನ ಪ್ರಾಟೆಸ್ಟೆಂಟರು ಕಾಲು ತೊಳೆಯುವ ವಿಧಿಯನ್ನು ಬಿಟ್ಟರೂ ಮೆನೊನೈಟ್ ಪಂಥದವರು ಬಿಡಲಿಲ್ಲ. ಅವರ 1632ರ ಡಾರ್ಡ್ರೆಕ್ಟ್ ವಿಶ್ವಾಸಪತ್ರದಲ್ಲಿ ಇದಕ್ಕೊಂದು ಪ್ರತ್ಯೇಕ ಕಲಮೇ ಇದೆ.

ಕ್ಯಾಥೊಲಿಕ್ ಸಭೆಯಲ್ಲಿ 1955ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಇದನ್ನು ಗುರುವಾರ ಸಂಜೆಯ ಬಲಿಪೂಜೆಯೊಳಗೆ ಸೇರಿಸಲು ಅವಕಾಶ ಕೊಟ್ಟರು. ನಿಯಮದಂತೆ ಕಾಲು ಚಾಚಿ ಕೂರುವವರು ಗಂಡಸರೇ ಆಗಿರಬೇಕಿತ್ತು. 2013ರಲ್ಲಿ, ಪೀಠವೇರಿ ತಿಂಗಳೂ ತುಂಬದ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆ ಕಾಸಲ್ ದೆಲ್ ಮಾರ್ಮೊದಲ್ಲಿ ಹನ್ನೆರಡು ಮಂದಿಯ ಕಾಲು ತೊಳೆದರು. ಅವರಲ್ಲಿ ಇಬ್ಬರು ಯುವತಿಯರೂ ಮುಸ್ಲಿಮರೂ ಇದ್ದರು. ಮೊದಲು ನಡೆದದ್ದು ಕಾಲು ತೊಳೆಯುವುದು. ಸ್ತ್ರೀಯರಿಗೂ ಅವಕಾಶ ಕೊಡುವ ಆಜ್ಞೆ ಬಂದದ್ದು 2016ರ ಜನವರಿಯಲ್ಲಿ.

ಆ ಆಜ್ಞೆ ಲ್ಯಾಟಿನ್ ಪರಂಪರೆಗೆ ಮಾತ್ರ. ಪೂರ್ವ ಪರಂಪರೆಯ ಕ್ಯಾಥೊಲಿಕ್ ಸಭೆಯಾದ ಸಿರೋ-ಮಲಬಾರ್ ಸಭೆ 2017ರಲ್ಲಿ ಗಂಡಸರ ಮತ್ತು ಹುಡುಗರ ಕಾಲನ್ನಷ್ಟೇ ತೊಳೆಯುವ ತನ್ನ ಸಂಪ್ರದಾಯಕ್ಕೇ ಅಂಟಿಕೊಂಡಿತು. ಹೀಗಾಗಿ ಕರ್ನಾಟಕದೊಳಗೇ ಲ್ಯಾಟಿನ್ ಪರಂಪರೆಯ ಮಂಗಳೂರು ಧರ್ಮಪ್ರಾಂತಕ್ಕೆ ಒಂದು ನಿಯಮ, ಪಕ್ಕದ ಸಿರೋ-ಮಲಬಾರ್ ಬೆಳ್ತಂಗಡಿಗೆ ಇನ್ನೊಂದು.