ಬಡವನ ಗಣಕ: ಸಿಂಪ್ಯೂಟರಿನ ಇತಿವೃತ್ತ

ರಾಜ್ಯಗಳ ಇತಿಹಾಸದಂತೆ ಯಂತ್ರಗಳ ಇತಿಹಾಸದಲ್ಲಿಯೂ ಗೆದ್ದವರ ಹೆಸರು ದೊಡ್ಡ ಅಕ್ಷರಗಳಲ್ಲಿ ಬರೆಯಲ್ಪಡುವದು. ಸೋತವರ ಹೆಸರು ಅಂಚಿನಲ್ಲಿ ಉಳಿಯುವದು. ಆದರೆ ಸೋಲೆಲ್ಲವೂ ಒಂದೇ ತೂಕದ್ದಲ್ಲ. ಕಿತ್ತೂರು ಸನ್ 1824ರ ಅಕ್ಟೋಬರದಲ್ಲಿ ಗೆದ್ದು ಡಿಸೆಂಬರದಲ್ಲಿ ಸೋತಿತು. ಆದರೂ ನಮ್ಮ ಭಾಗದವರು ಅದನ್ನು ಮರೆತಿಲ್ಲ, ಯಾಕಂದರೆ ಅದು ಯಾವದಕ್ಕಾಗಿ ಕಾದಿತೆಂಬದು ಅವರಿಗೆ ಗೊತ್ತು. ಶಸ್ತ್ರಗಳಿಲ್ಲದ ಒಂದು ಪ್ರಯತ್ನವು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಅದೂ ಸೋತಿತು, ಅದೂ ನೆನೆಯತಕ್ಕದ್ದು. ಅಕ್ಷರ ಬಾರದ ಬಡವನ ಮನೆಗೂ ಗಣಕಯಂತ್ರವು ಹೋಗಬೇಕು, ಹೋಗಿ ಅವನ ಭಾಷೆಯಲ್ಲಿಯೇ ಮಾತಾಡಬೇಕು ಎಂದು ಬಗೆದು ಕಟ್ಟಿದ ಆ ಯಂತ್ರದ ಹೆಸರು ಸಿಂಪ್ಯೂಟರ್. ಅದರ ಇತಿವೃತ್ತವನ್ನು ವಾಚಕರ ಮುಂದಿಡುವದೇ ಈ ಲೇಖದ ಉದ್ದೇಶವು.

ಗಣಕವು ಹುಟ್ಟಿನಿಂದ ಮನೆಯ ವಸ್ತುವಲ್ಲ. ಮೊದಲು ಅದು ಕೋಣೆಯನ್ನೇ ತುಂಬುವಂಥ ಯಂತ್ರವಾಗಿ ಸರಕಾರದ ಇಲಾಖೆಗಳಲ್ಲಿಯೂ ವಿಶ್ವವಿದ್ಯಾಲಯಗಳಲ್ಲಿಯೂ ದೊಡ್ಡ ವ್ಯಾಪಾರದ ಮನೆಗಳಲ್ಲಿಯೂ ಇದ್ದಿತು. ಲೆಕ್ಕಮಾಡುವ ಅಂಗವೆಲ್ಲವೂ ಉಗುರಿನಷ್ಟು ಸಿಲಿಕಾನ್ ಚೂರಿನಲ್ಲಿ ಅಡಕವಾದ ಮೇಲೆಯೇ ಅದರ ಬೆಲೆಯು ಗೃಹಸ್ಥರ ಕೈಗೆ ಎಟುಕುವಂತಾಯಿತು. 1977ರಲ್ಲಿ ಅಮೇರಿಕೆಯ ಆಪಲ್, ಕಮೊಡೋರ್, ಟ್ಯಾಂಡಿ ಎಂಬ ಮೂರು ಕಂಪನಿಗಳು ಮೇಜಿನ ಮೇಲಿಡುವ ಸಿದ್ಧ ಗಣಕಗಳನ್ನು ಮಾರಾಟಕ್ಕೆ ತಂದವು. ಮರುವರ್ಷ, 1978ರಲ್ಲಿ, ಇಂಗ್ಲಂಡದ ಕೇಂಬ್ರಿಜ್ ಪಟ್ಟಣದಲ್ಲಿ ಹರ್ಮನ್ ಹೌಸರ್ ಮತ್ತು ಕ್ರಿಸ್ ಕರಿ ಎಂಬವರು ಏಕಾರ್ನ್ ಎಂಬ ಕಂಪನಿಯನ್ನು ತೆಗೆದರು. ಈ ಏಕಾರ್ನಿನ ಚರಿತ್ರೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಯಾಕಂದರೆ ಗಣಕವು ಮನೆಯನ್ನು ಹೊಗುವ ಬಗೆಯು ಅದರಿಂದ ತಿಳಿಯುವದು. ಮೇಲಾಗಿ ಸಿಂಪ್ಯೂಟರಿನ ಹೃದಯವು ಅದೇ ವಂಶದಿಂದ ಬಂದದ್ದು.

ಜನರಿಗೆ ಗಣಕದ ಪರಿಚಯ ಮಾಡಿಕೊಡಬೇಕೆಂದು ಇಂಗ್ಲಂಡದ ಪ್ರಸಾರ ಸಂಸ್ಥೆಯಾದ ಬಿ.ಬಿ.ಸಿ.ಯು ಒಂದು ದೂರದರ್ಶನ ಮಾಲಿಕೆಯನ್ನು ಯೋಜಿಸಿತು. ಅದರ ಜತೆಗೆ ಒಂದು ಯಂತ್ರವೂ ಬೇಕಾಯಿತು. ಏಕಾರ್ನಿನ ತರುಣ ತಜ್ಞರು ವಾರದೊಳಗೆ ಅದರ ಮಾದರಿಯನ್ನು ಕಟ್ಟಿ ತೋರಿಸಿ ಆ ಕೆಲಸವನ್ನು ಗಳಿಸಿದರು. 1981ರ ಡಿಸೆಂಬರದಲ್ಲಿ ಬಿ.ಬಿ.ಸಿ. ಮೈಕ್ರೋ ಎಂಬ ಗಣಕವು ಹೊರಬಿತ್ತು. ಅದರ ಎರಡು ಬಗೆಗಳಲ್ಲಿ ಹೆಚ್ಚಿನದರ ಬೆಲೆ 335 ಪೌಂಡು. 12,000 ಯಂತ್ರಗಳು ಹೋದರೆ ಸಾಕೆಂದು ಎಣಿಸಿದ್ದವರಿಗೆ ಕಡೆಗೆ 15 ಲಕ್ಷಕ್ಕೂ ಮಿಕ್ಕಿ ಮಾರುವ ಭಾಗ್ಯವು ಬಂದಿತು. ಇದು ಯಂತ್ರದ ಗುಣವೊಂದರಿಂದಲೇ ಆದದ್ದಲ್ಲ. ಕಲಿಸಲಿಕ್ಕೆ ದೂರದರ್ಶನವಿದ್ದಿತು, ಶಾಲೆಗಳು ಕೊಂಡರೆ ಅರ್ಧ ಬೆಲೆಯನ್ನು ಸರಕಾರವೇ ಕೊಡುತ್ತಿದ್ದಿತು, ಪುಸ್ತಕಗಳೆಲ್ಲವೂ ಆ ದೇಶದ ಮನೆಮಾತಿನಲ್ಲಿದ್ದವು. ಯಂತ್ರ, ಗುರು, ಭಾಷೆ, ರಾಜಾಶ್ರಯ ಈ ನಾಲ್ಕೂ ಅಲ್ಲಿ ಒಂದೆಡೆಗೆ ಕೂಡಿದ್ದವು.

ಆದರೂ ಏಕಾರ್ನಿಗೆ ಲಕ್ಷ್ಮಿಯು ಸ್ಥಿರಳಾಗಲಿಲ್ಲ. 1983ರ ಕ್ರಿಸ್‌ಮಸ್ ಹಬ್ಬಕ್ಕೆ ಬೇಡಿಕೆಯಿದ್ದಷ್ಟು ಅಗ್ಗದ ಯಂತ್ರಗಳನ್ನು ಅದು ಒದಗಿಸಲಾರದೆ ಹೋಯಿತು. ಮರುವರ್ಷ ಯಂತ್ರಗಳು ಸಿದ್ಧವಾದಾಗ ಕೊಳ್ಳುವವರು ಕಡಿಮೆಯಾಗಿದ್ದರು. 1985ರಲ್ಲಿ ಇಟಲಿಯ ಒಲಿವೆಟ್ಟಿ ಕಂಪನಿಯು ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ವಿಚಿತ್ರವೇನೆಂದರೆ, ಅದೇ 1985ರಲ್ಲಿ ಏಕಾರ್ನಿನ ಸೋಫೀ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಎಂಬ ತಜ್ಞರು ಆರ್ಮ್ ಎಂಬ ಹೊಸ ಗಣನಾಂಗವನ್ನು ಸಿದ್ಧಪಡಿಸಿದರು. ಕಡಿಮೆ ವಿದ್ಯುತ್ತನ್ನುಂಡು ಹೆಚ್ಚು ದುಡಿಯುವದೇ ಅದರ ವಿಶೇಷ. 1990ರಲ್ಲಿ ಆ ವಿದ್ಯೆಗಾಗಿಯೇ ಬೇರೊಂದು ಕಂಪನಿಯಾಯಿತು. ತಾಯಿಯಾದ ಏಕಾರ್ನ್ ಆ ಶತಮಾನವು ಮುಗಿಯುವದರೊಳಗೆ ಹೆಸರಳಿದು ಹೋಯಿತು. ಮಗಳು ಜಗತ್ತನ್ನು ವ್ಯಾಪಿಸಿದಳು.

ಬಿ.ಬಿ.ಸಿ. ಮೈಕ್ರೋ ನಮ್ಮ ದೇಶಕ್ಕೂ ಬಂದಿತು. 1984-85ರಲ್ಲಿ ಭಾರತ ಸರಕಾರವು 'ಕ್ಲಾಸ್' ಎಂಬ ಯೋಜನೆಯನ್ನು ಮಾಡಿ ಮೊದಲ ಕಂತಿಗೆ 248 ಶಾಲೆಗಳಲ್ಲಿ ಈ ಯಂತ್ರಗಳನ್ನು ಇರಿಸಿತು. ಆದರೆ ಇಲ್ಲಿಗೆ ಯಂತ್ರ ಬಂದಿತೇ ಹೊರತು ಅದರ ಪರಿವಾರವು ಬರಲಿಲ್ಲ. ಪಾಠಗಳ ಭಾಷೆ ಇಂಗ್ಲಿಷು. ಶಿಕ್ಷಕರಿಗೆ ದೊರೆತ ತರಬೇತಿ ಅಲ್ಪ. ವಿದ್ಯಾರ್ಥಿಗಳ ಸಂಖ್ಯೆ ನೋಡಿದರೆ ಯಂತ್ರಗಳು ಬೆರಳೆಣಿಕೆ. ಶಾಲೆಯಲ್ಲಿ ದುಡಿದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಲೆಯುಳ್ಳ ವಸ್ತುವು ಶಾಲೆಗೆ ಬಂದರೆ ಅದು ಕೆಡಬಾರದೆಂಬ ಭಯವೇ ಅದಕ್ಕೆ ಮೊದಲ ಬೀಗವಾಗುವದು.

ಭಾಷೆಯ ಈ ತೊಡಕು ನಮ್ಮ ಜಿಲ್ಹೆಗೆ ಹೊಸದಲ್ಲ. ಮುಂಬಯಿ ಆಧಿಪತ್ಯದ ಕಾಲದಲ್ಲಿ ನಮ್ಮ ಪ್ರಾಂತದ ಬಹಳಷ್ಟು ಕಾಗದಪತ್ರಗಳು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇದ್ದವು. ಹೊಲ ರೈತನದು, ಆದರೆ ಆ ಹೊಲದ ಬರಹವನ್ನು ಅವನು ಓದಲಾರ. ಕನ್ನಡ ಬಲ್ಲವನಿಗೂ ಅದು ಮುಚ್ಚಿದ ಪುಸ್ತಕವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥ ಮಹನೀಯರು ಕನ್ನಡ ಶಾಲೆಗಳಿಗಾಗಿ ಪಟ್ಟ ಪಾಡಿನ ಮಹತ್ವವನ್ನು ಈ ದೃಷ್ಟಿಯಿಂದ ನೋಡಬೇಕು. ತನ್ನ ಸೊತ್ತಿನ ಲೆಕ್ಕವನ್ನು ತಾನೇ ಓದಲಾರದವನು ಓದಬಲ್ಲವನ ಆಳು; ಲಿಪಿ ಬದಲಾಗಿ ಗಣಕ ಬಂದರೂ ಈ ಮಾತು ಬದಲಾಗದು.

ಈ ಸತ್ಯವನ್ನು ಗುರುತಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು: ಸ್ವಾಮಿ ಮನೋಹರ, ವಿಜಯ ಚಂದ್ರು, ವಿ. ವಿನಯ, ರಮೇಶ ಹರಿಹರನ್. 1998ರ ಅಕ್ಟೋಬರದಲ್ಲಿ ಬೆಂಗಳೂರಿನಲ್ಲಿ ಕೂಡಿದ ಒಂದು ಅಂತರರಾಷ್ಟ್ರೀಯ ಪರಿಷತ್ತಿನಲ್ಲಿ, ಹಿಂದುಳಿದ ದೇಶಗಳ ಸಾಮಾನ್ಯ ಜನರಿಗೆ ಮಾಹಿತಿ ವಿದ್ಯೆಯು ದೊರೆಯುವ ಬಗೆ ಹೇಗೆಂಬ ಚರ್ಚೆಯು ನಡೆಯಿತು. ಅದರ ಫಲವಾಗಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಹುಟ್ಟಿತು. ಬೆಂಗಳೂರಿನಲ್ಲಿ ಬಹು ಹಿಂದಿನಿಂದ ಗಣಕಗಳ ನಿರ್ಮಾಣದಲ್ಲಿ ಕೈಪಳಗಿದ್ದ ವಿನಯ ದೇಶಪಾಂಡೆಯವರೂ ಅವರ ಎನ್‌ಕೋರ್ ಸಂಸ್ಥೆಯೂ ಅದರಲ್ಲಿ ಕೂಡಿದರು. ಸರಳ, ಅಗ್ಗ, ಬಹುಭಾಷಿಕ, ಜನರದು ಎಂಬರ್ಥದ ಇಂಗ್ಲಿಷ್ ಶಬ್ದಗಳ ಮೊದಲಕ್ಷರಗಳನ್ನು ಹೊಸೆದು ಯಂತ್ರಕ್ಕೆ ಹೆಸರಿಟ್ಟರು. 2001ರ ಏಪ್ರಿಲದಲ್ಲಿ ಅದರ ಮಾದರಿಯನ್ನು ಲೋಕಕ್ಕೆ ತೋರಿಸಿದರು. ಅದರ ರಚನೆಯನ್ನು ಅವರು ಗುಟ್ಟಾಗಿಡಲಿಲ್ಲ; ಕೆಲವು ಕರಾರುಗಳ ಮೇಲೆ ಯಾರು ಬೇಕಾದರೂ ಕಟ್ಟಬಹುದೆಂದು ಸಾರಿದರು.

ಅದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಕೀಲಿಮಣೆಯಿಲ್ಲ, ಪರದೆಯನ್ನು ಕಡ್ಡಿಯಿಂದ ಮುಟ್ಟಿ ಕೆಲಸ ಮಾಡಬೇಕು. ಒಳಗಿನ ಗಣನಾಂಗವು ಸ್ಟ್ರಾಂಗ್‌ಆರ್ಮ್, ಅಂದರೆ ಏಕಾರ್ನಿನಲ್ಲಿ ಹುಟ್ಟಿದ ಆರ್ಮಿನ ಕುಲದ್ದು. ಯಂತ್ರವನ್ನು ನಡೆಸುವ ತಂತ್ರಾಂಶವು ಬೆಲೆಯಿಲ್ಲದೆ ದೊರೆಯುವ ಲಿನಕ್ಸ್. ಬೆಲೆ ಸುಮಾರು 9,000 ರೂಪಾಯಿಯಾಗಬೇಕೆಂಬ ಎಣಿಕೆ. ಇಷ್ಟು ಹಣ ಬಡವನಲ್ಲಿ ಎಲ್ಲಿಯದು? ಅದಕ್ಕೆ ಅವರು ಕಂಡುಕೊಂಡ ಉಪಾಯವು ಜಾಣತನದ್ದು. ಯಂತ್ರವು ಊರಿಗೊಂದು, ಅದರಲ್ಲಿ ತೂರಿಸುವ ಚೀಟಿಯಂಥ ಸ್ಮಾರ್ಟ್ ಕಾರ್ಡ್ ಮಾತ್ರ ಮನೆಗೊಂದು. ತನ್ನ ಕಾರ್ಡನ್ನು ಹಾಕಿದ ಕೂಡಲೆ ಯಂತ್ರವು ಆ ಹೊತ್ತಿಗೆ ಅವನದಾಗುವದು. ತೆಗೆದ ಮೇಲೆ ಮತ್ತೊಬ್ಬನದು. ಊರ ಬಾವಿಯು ಎಲ್ಲರದು, ಕೊಡ ಮಾತ್ರ ಅವರವರದು ಎಂಬಂತೆ ಇದೂ.

ಎಲ್ಲಕ್ಕಿಂತ ಹೆಚ್ಚಿನದು ಅದರ ವಾಣಿ. ಬರಹವನ್ನು ಓದಿ ಹೇಳುವ 'ಧ್ವನಿ' ಎಂಬ ತಂತ್ರಾಂಶವನ್ನು ರಮೇಶ ಹರಿಹರನ್ನರು ರಚಿಸಿದರು. ಅದು ಕನ್ನಡವನ್ನೂ ಹಿಂದಿಯನ್ನೂ ನುಡಿಯುತ್ತಿದ್ದಿತು. ಇಲ್ಲಿ ನಮ್ಮ ಪೂರ್ವಿಕರ ಶಿಕ್ಷಾಶಾಸ್ತ್ರವನ್ನು ಸ್ಮರಿಸದೆ ಇರಲಾರೆವು. ನಮ್ಮ ವರ್ಣಮಾಲೆಯು ಉಚ್ಚಾರದ ಸ್ಥಾನವನ್ನನುಸರಿಸಿ ಜೋಡಿಸಿದ್ದು. ಬರೆದಂತೆ ಓದುವದೇ ಅದರ ಧರ್ಮ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ನಾಲ್ಕು ಉಲಿಗಳಾದರೆ ಯಂತ್ರವು ಅವನ್ನೆಲ್ಲ ಬೇರೆ ಬೇರೆ ಕಲಿಯಬೇಕು. ಕನ್ನಡಕ್ಕೆ ಆ ಶ್ರಮ ಬಹಳ ಕಡಿಮೆ. ಅಕ್ಷರಗಳ ಧ್ವನಿಯ ತುಣುಕುಗಳನ್ನು ಜೋಡಿಸಿದರೆ ಮಾತು ಮೂಡುವದು. ಹಿಂದುಳಿದದ್ದೆಂದು ಕೆಲವರು ಬಗೆದ ನಮ್ಮ ಲಿಪಿಯೇ ಈ ಕೆಲಸದಲ್ಲಿ ಮುಂದಾಯಿತು. ಅಂಧ-ಪಂಗು ನ್ಯಾಯದಲ್ಲಿ ಕುರುಡನು ಕುಂಟನನ್ನು ಹೊತ್ತು ನಡೆದು ಇಬ್ಬರೂ ಊರು ಸೇರುವರಷ್ಟೆ. ಓದಬಲ್ಲ ಯಂತ್ರವೂ ಓದಲಾರದ ರೈತನೂ ಹಾಗೆ ಕೂಡಬೇಕೆಂಬದು ಆ ಪ್ರಾಧ್ಯಾಪಕರ ಮನೋರಥವಾಗಿದ್ದಿತು.

ಮನೋರಥಕ್ಕೂ ಮಾರುಕಟ್ಟೆಗೂ ದಾರಿ ದೂರ. ಆ ನಾಲ್ವರು ಪ್ರಾಧ್ಯಾಪಕರು ಪಿಕೋಪೆಟಾ ಎಂಬ ಕಂಪನಿಯನ್ನು ಕಟ್ಟಿ, ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಕಾರಖಾನೆಯ ಸಹಾಯದಿಂದ 2004ರಲ್ಲಿ 'ಅಮಿಡಾ' ಎಂಬ ಹೆಸರಿನ ಸಿಂಪ್ಯೂಟರನ್ನು ಮಾರಾಟಕ್ಕೆ ತಂದರು. ತೀರ ಅಗ್ಗದ್ದಕ್ಕೆ ಸುಮಾರು 10,000 ರೂಪಾಯಿ. ಬಣ್ಣದ ಪರದೆಯುಳ್ಳದ್ದಕ್ಕೆ ಸುಮಾರು 20,000. ವರ್ಷದಲ್ಲಿ 50,000 ಯಂತ್ರಗಳು ಹೋದಾವೆಂದು ಆಶಿಸಿದ್ದರೆ ಹೋದವು ಸುಮಾರು 4,000. ಕರ್ನಾಟಕದ ಭೂದಾಖಲೆಗಳ ಕೆಲಸಕ್ಕೂ, ಮೈಸೂರಿನ ಸಂಘಮಿತ್ರ ಸಂಸ್ಥೆಯ ಕಿರುಸಾಲದ ಲೆಕ್ಕಕ್ಕೂ, ಛತ್ತೀಸಗಡದ ಶಾಲೆಗಳಿಗೂ ಕೆಲವು ಸಂದವು. ಊರಿಗೊಂದು ಯಂತ್ರ, ಮನೆಗೊಂದು ಕಾರ್ಡು ಎಂಬ ಮಾತು ಮಾತಾಗಿಯೇ ಉಳಿಯಿತು.

ಸೋಲಿಗೆ ಕಾರಣಗಳೇನು? 2005ರ ಹೊತ್ತಿಗೆ ಮೇಜಿನ ಗಣಕವೇ 10,000 ರೂಪಾಯಿಯೊಳಗೆ ದೊರೆಯಹತ್ತಿತು. ಮೊಬೈಲು ಅದಕ್ಕಿಂತಲೂ ಅಗ್ಗವಾಯಿತು. ಆದರೆ ಬೆಲೆಯೊಂದೇ ಕಾರಣವೆಂದು ನಮಗೆ ತೋರುವದಿಲ್ಲ. ಏಕಾರ್ನಿಗೆ ದೊರೆತ ನಾಲ್ಕು ಬಲಗಳನ್ನು ವಾಚಕರು ನೆನೆಯಲಿ. ಸಿಂಪ್ಯೂಟರಿಗೆ ಯಂತ್ರವಿದ್ದಿತು, ಭಾಷೆಯಿದ್ದಿತು. ಆದರೆ ಊರೂರಿಗೆ ಹೋಗಿ ಕಲಿಸುವ ಗುರುವಿರಲಿಲ್ಲ. ಅರ್ಧ ಬೆಲೆಯನ್ನು ಕೊಟ್ಟು ಶಾಲೆಶಾಲೆಗೂ ಮುಟ್ಟಿಸುವ ರಾಜಾಶ್ರಯವಿರಲಿಲ್ಲ. ಊರಿನ ಪಾಲಿನ ವಸ್ತುವನ್ನು ಕಾಯ್ದುಕೊಳ್ಳಲು ಊರಿನದೇ ಒಂದು ವ್ಯವಸ್ಥೆ ಬೇಕು. ಆ ವ್ಯವಸ್ಥೆಯನ್ನು ಕಾರಖಾನೆಯು ಮಾಡಿ ಕಳಿಸಲಾರದು. ಕ್ಲಾಸ್ ಯೋಜನೆಯಲ್ಲಿ ಸರಕಾರವು ನಿಂತಿದ್ದಿತು, ಭಾಷೆಯಿರಲಿಲ್ಲ. ಸಿಂಪ್ಯೂಟರಿಗೆ ಭಾಷೆ ಬಂದಾಗ ಸರಕಾರವು ದೂರ ನಿಂತಿತು. ಇವೆರಡೂ ಒಂದೇ ಕಾಲಕ್ಕೆ ಕೂಡದೆ ಹೋದದ್ದೇ ಈ ಕಥೆಯಲ್ಲಿಯ ದುಃಖ.

ಆದರೂ ಎಲ್ಲವೂ ವ್ಯರ್ಥವಾಯಿತೆನ್ನುವಂತಿಲ್ಲ. 'ಧ್ವನಿ'ಯು ಎಲ್ಲರಿಗೂ ಮುಕ್ತವಾದ ತಂತ್ರಾಂಶವಾಗಿ ಉಳಿದು, ಬೇರೆ ಭಾರತೀಯ ಭಾಷೆಗಳನ್ನೂ ಕಲಿಯಿತು. ಭೂಮಿ ಯೋಜನೆಯಿಂದ ನಮ್ಮ ರಾಜ್ಯದ ಸುಮಾರು 2 ಕೋಟಿ ಭೂದಾಖಲೆಗಳು ಗಣಕಕ್ಕೆ ಸೇರಿದವು. ತಲಾಠಿಯ ಮನೆಯ ಮುಂದೆ ಕಾಯುತ್ತಿದ್ದ ರೈತನು ತಾಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ಕನ್ನಡದಲ್ಲಿ ಅಚ್ಚಾದ ಉತಾರವನ್ನು ಪಡೆಯುವಂತಾಯಿತು. ಮೋಡಿಯ ಕಾಗದದಿಂದ ಈ ಉತಾರದವರೆಗೆ ನಮ್ಮ ರೈತನು ನಡೆದ ದಾರಿ ಸಣ್ಣದಲ್ಲ. ಇಂದು ಹೊಲದ ಬದುವಿನ ಮೇಲೆ ಕುಳಿತವನ ಕೈಯಲ್ಲಿಯೂ ಮೊಬೈಲಿದೆ. ಅದರ ಗಣನಾಂಗವೂ ಬಹುಮಟ್ಟಿಗೆ ಆ ಆರ್ಮ್ ಕುಲದ್ದೇ. ಮುಟ್ಟುವ ಪರದೆ, ಅಂಗೈಯ ಗಾತ್ರ, ಕನ್ನಡವನ್ನು ಓದಿ ಹೇಳುವ ಶಕ್ತಿ, ಇವೆಲ್ಲ ಬೆಂಗಳೂರಿನವರು ಬೇಡಿದ ವರಗಳೇ. ಬೇಡಿದವರು ಬೇರೆ, ಕೊಟ್ಟವರು ಬೇರೆ, ಅಷ್ಟೆ.

ಆದರೆ ಒಂದು ಭೇದವನ್ನು ಮರೆಯಕೂಡದು. ಸಿಂಪ್ಯೂಟರಿನವರು ಮೊದಲು ಓದು ಬಾರದವನನ್ನು ಎದುರಿಗೆ ಕೂಡ್ರಿಸಿಕೊಂಡು ಆಮೇಲೆ ಯಂತ್ರವನ್ನು ಯೋಚಿಸಿದರು. ಇಂದಿನ ಮೊಬೈಲಿನಲ್ಲಿ ಅವನಿಗೆ ಜಾಗವುಂಟು. ಆದರೆ ಅವನು ಕೊನೆಗೆ ಬಂದ ಅತಿಥಿ. ಕನ್ನಡವನ್ನು ಓದುವ ಶಕ್ತಿ ಅದರಲ್ಲಿದ್ದರೂ, ಅವನ ಹಣದ ಬಗೆಗಿನ ಸಂದೇಶವು ಇಂಗ್ಲಿಷಿನಲ್ಲಿ ಬಂದರೆ ಅವನು ಇನ್ನೂ ಮತ್ತೊಬ್ಬರ ಬಾಗಿಲಿಗೆ ಹೋಗಬೇಕು. ಆಗ ಓದಿ ಹೇಳುವವನು ಸಜ್ಜನನಾದರೆ ಬದುಕಿದ. ಅಲ್ಲದಿದ್ದರೆ ಹೊಲವೂ ಹಣವೂ ದೈವಾಧೀನ. ಆದಕಾರಣ ವಿದ್ಯಾವಂತರ ಮನೆಗಳಲ್ಲಿರುವವರು, ವಿಶೇಷವಾಗಿ ತರುಣರು, ನೆರೆಯವನ ಮೊಬೈಲನ್ನು ಕನ್ನಡಕ್ಕೆ ತಿರುಗಿಸಿ, ಅದರ ಬಾಯಿಂದ ಓದಿಸುವದನ್ನು ಅವನಿಗೆ ಕಲಿಸಿಕೊಡಲಿ. ಸಿಂಪ್ಯೂಟರಿಗೆ ಇಲ್ಲದೆ ಹೋದದ್ದು ಗುರು. ಆ ಸ್ಥಾನವು ಊರೂರಿನಲ್ಲಿ ಇನ್ನೂ ತೆರವಾಗಿಯೇ ಇದೆ.